ಕರೆತರಲು ಹೋದವನು

11-6-1981, ಗುರುವಾರ. ನ್ಯಾಮತಿ

ಬೆಳಿಗ್ಗೆ ಮಲ್ಲೇಶಪ್ಪನವರು ಬಂದು ಎರಡು ಗಂಟೆ ಕೂತು ಹೋದರು. ಸಮಾಜದ ಹಿರಿಯರು ಅವರೇ ನಡೆದು ಬಂದರೆಂದರೆ ಸಣ್ಣ ವಿಷಯವಲ್ಲ. ಚನ್ನಗಿರಿಯ ಬೀಗರು ಮಹೇಶ್ವರಪ್ಪನವರು ಹೇಳಿಕಳಿಸಿದ್ದಾರೆ. ಹೆಂಡತಿ ಮನೆಗೆ ಮರಳಬೇಕೆಂದು ಅಳಿಯ ಷಣ್ಮುಖಪ್ಪ ಶಿವಮೊಗ್ಗದ ಕೋರ್ಟಿನಲ್ಲಿ ಅರ್ಜಿ ಹಾಕಿದ್ದಾನೆ. ವಿಚಾರಣೆಗೆ ಮೊದಲೇ ರುದ್ರಾಣಿ ತಾನಾಗಿ ಬಂದರೆ ಅರ್ಜಿ ವಾಪಸು ತೆಗೆಯುತ್ತಾರಂತೆ.

"ನೀವು ಮೇಷ್ಟ್ರು. ಊರ ಮಕ್ಕಳಿಗೆಲ್ಲ ಬುದ್ಧಿ ಹೇಳಿದೋರು. ನಿಮ್ಮ ಮಗಳಿಗೆ ಹೇಳಾಕೆ ಆಗಲ್ವಾ?" ಎಂದರು.

ತಲೆ ಎತ್ತಲಾಗಲಿಲ್ಲ. ಹೋದ ಕಾರ್ತೀಕದಲ್ಲಿ ಈ ಹುಡುಗಿ ಗಂಡನ ಮನೆ ಬಿಟ್ಟು, ತವರಿಗೂ ಬಾರದೆ ನೇರ ಬೆಂಗಳೂರಿಗೆ ಹೋಗಿ ಬಟ್ಟೆ ಹೊಲಿಯುವ ಕಾರ್ಖಾನೆ ಸೇರಿದಳು. ಅಂದಿನಿಂದ ನಾನು ಸಂತೆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದೇನೆ. ನಾಳೆ ಹೊರಡುತ್ತೇನೆ. ನಾಲ್ಕು ದಿನದಲ್ಲಿ ಕರೆದುಕೊಂಡೇ ಬರುತ್ತೇನೆಂದು ಮಾತು ಕೊಟ್ಟಿದ್ದೇನೆ.

ಮೂವತ್ತೊಂದು ವರ್ಷದ ನೌಕರಿಯನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಲ್ಲೇ ಮುಗಿಸಿದವನು ನಾನು. ಬೆಂಗಳೂರು ನೋಡಿಲ್ಲ. ಕಸ್ತೂರಮ್ಮ ಏನೂ ಮಾತಾಡದೆ ಉಂಡೆ ಕಟ್ಟುತ್ತಿದ್ದಾಳೆ. ತಾಯಿಯಾದವಳು ನಾಲ್ಕು ಮಾತು ಹೇಳಿಕಳಿಸಬಾರದೆ?

13-6-1981, ಶನಿವಾರ. ಬೆಂಗಳೂರು

ಮೆಜೆಸ್ಟಿಕ್ಕಿನಲ್ಲಿ ಇಳಿದು ವಿಳಾಸದ ಚೀಟಿ ಹಿಡಿದು ಐದು ಜನರನ್ನು ಕೇಳಿದೆ. ಇಬ್ಬರಿಗೆ ಕನ್ನಡ ಬರುವುದಿಲ್ಲ, ಒಬ್ಬನಿಗೆ ನಿಲ್ಲುವ ಪುರಸೊತ್ತಿಲ್ಲ. ಶ್ರೀರಾಮಪುರದ ಈ ವಠಾರ ಸೇರುವ ಹೊತ್ತಿಗೆ ಕೋಟು ಬೆವರಿನಿಂದ ತೊಯ್ದಿತ್ತು. ಎಂಟು ಮನೆಗಳಿಗೆ ಒಂದು ನಲ್ಲಿ, ಎರಡು ಪಾಯಖಾನೆ. ಮಗಳ ಮನೆ ಎಂದರೆ ಒಂದು ಕೋಣೆ. ನಮ್ಮ ದನದ ಕೊಟ್ಟಿಗೆ ಇದಕ್ಕಿಂತ ದೊಡ್ಡದು.

ರುದ್ರಾಣಿ ಕಾಲಿಗೆ ನಮಸ್ಕರಿಸಿದಳು. ಇಳಿದು ಹೋಗಿದ್ದಾಳೆ.

"ನೋಡಾಕೆ ಬಂದ್ರಾ ಅಪ್ಪಾಜಿ, ಕರ್ಕೊಂಡು ಹೋಗಾಕೆ ಬಂದ್ರಾ?" ಎಂದಳು.

ಬಂದವನಿಗೆ ಮೊದಲು ನೀರು ಕೊಡಬೇಕು ಎಂದೆ. ಕೊಟ್ಟಳು. ಆಮೇಲೆ ಸ್ನಾನಕ್ಕೆ ನೀರು ಎಲ್ಲಿದೆ ಎಂದು ಮೂರು ಸಲ ಕೇಳಿದೆ. ಒಲೆಯ ಮುಂದೆ ಕೂತವಳು ತಿರುಗಿಯೂ ನೋಡಲಿಲ್ಲ. ಏಳು ತಿಂಗಳಲ್ಲಿ ಇಷ್ಟು ಗರ್ವ.

14-6-1981, ಭಾನುವಾರ

ಕಾರ್ಖಾನೆಗೆ ರಜೆ. ಒಳ್ಳೆಯ ಸಮಯವೆಂದು ಬೆಳಿಗ್ಗೆ ಪೂಜೆ ಮುಗಿಸಿ ಮಾತು ತೆಗೆದೆ. ಸಂಸಾರವೆಂದರೆ ಏನು, ಸಹನೆ ಎಂದರೆ ಏನು, ಹೆಣ್ಣು ಒಂಟಿಯಾಗಿದ್ದರೆ ಜನ ಏನೆನ್ನುತ್ತಾರೆ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವಳು ಪಕ್ಕದಲ್ಲಿ ಕೂತು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಅರ್ಧ ಗಂಟೆಯಾದ ಮೇಲೆ ಮುಖ ಇತ್ತ ತಿರುಗಿಸಿ, "ಏನೋ ಅಂದ್ರಾ ಅಪ್ಪಾಜಿ?" ಎಂದಳು.

ಶಾಲೆಯಲ್ಲಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಮಾತು ನಿಲ್ಲಿಸಿದೆ. ಮಧ್ಯಾಹ್ನ ಊಟ ಸೇರಲಿಲ್ಲ.

16-6-1981, ಮಂಗಳವಾರ

ಅವಳು ಏಳಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ. ಹಗಲೆಲ್ಲ ವಠಾರದಲ್ಲಿ ಹೆಂಗಸರೇ. ಬಾಗಿಲು ಹಾಕಿಕೊಂಡು ಕೂತಿರುತ್ತೇನೆ. ಪಾಯಖಾನೆಗೂ ಸಾಲು. ಚೊಂಬು ಹಿಡಿದು ಹೆಂಗಸರ ಹಿಂದೆ ನಿಲ್ಲಲಾರದೆ ನಿನ್ನೆ ಪಟ್ಟ ಪಾಡು ಬರೆಯತಕ್ಕದ್ದಲ್ಲ. ಒಲೆ ಹಚ್ಚಲು ಬಾರದೆ ಎರಡು ದಿನವೂ ಉಂಡೆ ತಿಂದು ನೀರು ಕುಡಿದೆ.

ಇವತ್ತು ಧೈರ್ಯ ಮಾಡಿ ತಿರುಗಾಡಲು ಹೋದೆ. ಅಂಗಡಿ ಹಲಗೆಗಳ ಮೇಲಿನ ಕಾಗುಣಿತದ ತಪ್ಪು ಎಣಿಸುತ್ತ ನಡೆದವನಿಗೆ ದಾರಿ ತಪ್ಪಿತು. ಎಲ್ಲ ಓಣಿಯೂ ಒಂದೇ ಥರ. ಕೇಳಲು ನಾಚಿಕೆಯಾಗಿ ಒಂದು ಸೈಕಲ್ ಅಂಗಡಿಯ ಕಲ್ಲಿನ ಮೇಲೆ ಕೂತೆ. ಎರಡು ಗಂಟೆಯ ಮೇಲೆ ಪಕ್ಕದ ಮನೆಯ ಗಾದ್ರಮ್ಮ ಎಂಬಾಕೆ ಆ ಕಡೆ ಬಂದು ನನ್ನನ್ನು ನೋಡಿದರು. ಜಗಳೂರಿನ ಕಡೆಯವರು, ಗಂಡನಿಲ್ಲ, ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ.

"ಮೇಷ್ಟ್ರು ಅಂತೀರಿ, ಓಣಿ ಎಣಿಸಾಕೆ ಬರಲ್ವಾ?" ಎಂದು ಮುಂದೆ ನಡೆದರು. ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು ಹೇಳಿದರು. "ಹನ್ನೆರಡು ತಾಸು ಹೊರಗಿದ್ದು ಬಂದು ನಿಮಗೂ ಬೇಯಿಸಾಕ್ತೈತೆ ಹುಡುಗಿ. ನೀವು ಕೂತು ಉಣ್ತೀರಿ. ಗಂಟಲಾಗೆ ಇಳಿತೈತಾ?"

ಒಬ್ಬ ಆಯಾ ನನಗೆ ಬುದ್ಧಿ ಹೇಳುವ ಕಾಲ ಬಂತು.

19-6-1981, ಶುಕ್ರವಾರ

ಸೀಮೆಎಣ್ಣೆ ಸ್ಟೌ ಹಚ್ಚಲು ಕಲಿತೆ. ಪಂಪು ಹೊಡೆದದ್ದು ಹೆಚ್ಚಾಗಿ ಉರಿ ಎದ್ದು ಮೀಸೆಯ ಬಲಭಾಗ ಸುಟ್ಟಿದೆ. ಎರಡೂ ಕಡೆ ಬೋಳಿಸಿಕೊಳ್ಳಬೇಕಾಯಿತು. ಗಾದ್ರಮ್ಮನ ಮಾತಿಗಾಗಿ ಅಲ್ಲ. ಹಸಿವು ತಡೆಯಲಿಲ್ಲ, ಅಷ್ಟೆ.

ಬೆಳಿಗ್ಗೆ ಐದೂವರೆಗೆ ನಲ್ಲಿ ಸಾಲಿನಲ್ಲಿ ಕೊಡ ಇಟ್ಟು ನಿಂತೆ. ನನ್ನ ಸರದಿ ಬಂದಾಗ ಒಬ್ಬಾಕೆ ಕೊಡ ಎತ್ತಿ ಭುಜದ ಮೇಲಿಟ್ಟರು. ಅರ್ಧ ನೀರು ಕೋಟಿನ ಮೇಲೆ. ನಾಳೆಯಿಂದ ಕೋಟು ಹಾಕದೆ ಹೋಗಬೇಕು.

ಮಗಳ ಹತ್ತಿರ ಹೊರಡುವ ಮಾತು ಇನ್ನೂ ಮುಗಿದಿಲ್ಲ. ಇನ್ನೆರಡು ದಿನ ಇರುವುದಾಗಿ ಮಲ್ಲೇಶಪ್ಪನವರಿಗೆ ಕಾರ್ಡು ಹಾಕಿದೆ.

23-6-1981, ಮಂಗಳವಾರ

ನಿನ್ನೆಯಿಂದ ರುದ್ರಾಣಿಗೆ ಜ್ವರ. ಬೆಳಿಗ್ಗೆ ನೋಡಿದರೆ ದಿಂಬಿನ ಮೇಲೆ ಹಳದಿ ಕಲೆ. ಎಡಗಿವಿ ಸೋರುತ್ತಿತ್ತು. "ಆಗಾಗ ಹಿಂಗೆ ಆಗ್ತೈತೆ, ತಾನೇ ಹೋಗ್ತೈತೆ" ಎಂದಳು. ಗಾದ್ರಮ್ಮ ಬಂದು ನೋಡಿ, ಕೆಲಸಕ್ಕೆ ಹೋಗಲೇಬೇಕು, ಇಲ್ಲದಿದ್ದರೆ ತಾನೇ ಕರೆದೊಯ್ಯುತ್ತಿದ್ದೆ ಎಂದು ಬಸ್ಸಿನ ನಂಬರು, ಇಳಿಯುವ ಜಾಗ, ಚೀಟಿ ಮಾಡಿಸುವ ಕಿಟಕಿ ಎಲ್ಲವನ್ನೂ ಎರಡೆರಡು ಸಲ ಹೇಳಿ ನನ್ನಿಂದ ಒಪ್ಪಿಸಿಕೊಂಡರು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗಳು ಬೀಳದಂತೆ ಕಂಬಕ್ಕೂ ಅವಳಿಗೂ ನಡುವೆ ತೋಳು ಅಡ್ಡ ಇಟ್ಟು ನಿಂತೆ. ಅವಳು ಎಂಟನೇ ವಯಸ್ಸಿಗೆ ಬಂದ ಮೇಲೆ ನಾನು ಅವಳನ್ನು ಮುಟ್ಟಿದ ನೆನಪಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ಕಡೆ ಸಾಲು. ಕಿಟಕಿಯವನು ಏನೋ ಇಂಗ್ಲಿಷಿನಲ್ಲಿ ಕೇಳಿದ. ಹಿಂದೆ ನಿಂತವರು ನೂಕುತ್ತಿದ್ದರು. ಊರಿನಲ್ಲಾಗಿದ್ದರೆ ಮರ್ಯಾದೆಗೆಂದು ಪಕ್ಕಕ್ಕೆ ಸರಿಯುತ್ತಿದ್ದೆ. ಇವತ್ತು ಕಿಟಕಿಯ ಸರಳು ಹಿಡಿದುಕೊಂಡು, ಕನ್ನಡದಲ್ಲಿ ಕೇಳುವವರೆಗೂ ಬಿಡುವುದಿಲ್ಲ ಎಂದೆ. ಕೇಳಿದ.

ಡಾಕ್ಟರು ವಯಸ್ಸಾದವರು. ಕಿವಿಯೊಳಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು.

"ಈ ಕಿವಿ ಎಷ್ಟು ದಿನದಿಂದ ಕೇಳ್ತಿಲ್ಲಮ್ಮ?"

"ಎರಡು ವರ್ಷದ ಮ್ಯಾಲಾಯ್ತು."

"ತಮಟೆ ಹರಿದಿದೆ. ಪೆಟ್ಟು ಬಿದ್ದಿತ್ತಾ?"

"ಬಾಗಿಲು ಬಡೀತು."

ಡಾಕ್ಟರು ದೀಪ ಆರಿಸಿದರು. "ಬಾಗಿಲು ಹಣೆಗೆ ಬಡಿಯುತ್ತೆ, ಮೂಗಿಗೆ ಬಡಿಯುತ್ತೆ. ಇದು ಅಂಗೈ ಪೆಟ್ಟು. ಆಗಲೇ ತೋರಿಸಿದ್ದರೆ ಉಳೀತಿತ್ತು." ನನ್ನ ಕಡೆ ತಿರುಗಿ, "ನೀವು ಇವರಿಗೆ ಏನಾಗಬೇಕು?" ಎಂದರು.

ತಂದೆ ಎಂದೆ. ಔಷಧಿ ಬರೆದು ಕೊಟ್ಟರು.

ಬರುವಾಗ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಇಷ್ಟು ದಿನ ನಾನು ಕರೆದಾಗಲೆಲ್ಲ ಅವಳು ಓಗೊಡದಿದ್ದುದು ಈಗ ಒಂದೊಂದಾಗಿ ನೆನಪಾಗುತ್ತಿದೆ.

24-6-1981, ಬುಧವಾರ

ಅನ್ನ ಮಾಡಿದೆ. ಮುದ್ದೆಯಾಯಿತು. ಅವಳು ಎರಡು ಸಲ ಬಡಿಸಿಕೊಂಡಳು. ಬರೆಯಲು ಬೇರೇನೂ ಇಲ್ಲ.

28-6-1981, ಭಾನುವಾರ

ಜ್ವರ ಬಿಟ್ಟಿದೆ. ನಾನು ಕೇಳದೆ ಅವಳು ಹೇಳುವುದಿಲ್ಲ, ಕೇಳಲು ನನಗೆ ನಾಲಿಗೆ ಏಳುವುದಿಲ್ಲ. ಕಡೆಗೆ ಮಧ್ಯಾಹ್ನ ಅವಳ ಬಲಕ್ಕೆ ಬಂದು ಕೂತು ಕೇಳಿದೆ.

ಸಾರಿಗೆ ಉಪ್ಪು ಹೆಚ್ಚಾದ ದಿನ ಅದು. ಅತ್ತೆ ಮಾವ ಎದುರಿಗೇ ಇದ್ದರು. ಮಾವ ಮಹೇಶ್ವರಪ್ಪನವರು ಊಟ ನಿಲ್ಲಿಸಲಿಲ್ಲವಂತೆ. ಅದು ಮೊದಲನೆಯ ಪೆಟ್ಟೂ ಅಲ್ಲ, ಕೊನೆಯದೂ ಅಲ್ಲ. ಅವಳು ಇದನ್ನೆಲ್ಲ ಪಕ್ಕದ ಊರಿನ ಸುದ್ದಿಯಂತೆ ಹೇಳಿದಳು. ಅಳಲಿಲ್ಲ.

ಷಣ್ಮುಖಪ್ಪ ಚನ್ನಗಿರಿ ಶಾಲೆಯಲ್ಲಿ ನನ್ನ ಶಿಷ್ಯ. ಏಳನೇ ತರಗತಿಯಲ್ಲಿ ಮಾನಿಟರ್. ನಾನು ಆಫೀಸಿಗೆ ಹೋಗುವಾಗ ಬೆತ್ತವನ್ನು ಅವನ ಕೈಗೆ ಕೊಟ್ಟು ಹೋಗುತ್ತಿದ್ದೆ. ತರಗತಿ ಉಸಿರೆತ್ತುತ್ತಿರಲಿಲ್ಲ. ಶಿಸ್ತಿನ ಹುಡುಗ ಎಂದು ಹೊಗಳುತ್ತಿದ್ದೆ. ಅದೇ ಶಿಸ್ತು ನೋಡಿ ಮಗಳನ್ನು ಕೊಟ್ಟೆ.

"ಮನೆಗೊಂದು ಕಾಗದ ಹಾಕಬಾರದಿತ್ತೇನಮ್ಮ?" ಎಂದೆ.

ಅವಳು ನನ್ನನ್ನೇ ನೋಡಿದಳು. "ಹಾಕಿದ್ದೆ ಅಪ್ಪಾಜಿ."

ನನಗೆ ಅಂಥ ಕಾಗದ ಬಂದ ನೆನಪಿಲ್ಲ. ಅಂಚೆಯಲ್ಲಿ ತಪ್ಪಿರಬೇಕು.

3-7-1981, ಶುಕ್ರವಾರ

ಮಲ್ಲೇಶಪ್ಪನವರಿಂದ ಕಾರ್ಡು. ನಾಲ್ಕು ದಿನ ಎಂದವರು ಮೂರು ವಾರವಾಯಿತು, ಬೀಗರು ಕೇಳುತ್ತಿದ್ದಾರೆ, ಉತ್ತರವೇನು ಎಂದು ಬರೆದಿದ್ದಾರೆ. ಮಗಳಿಗೆ ಮೈ ಸರಿಯಿಲ್ಲ ಎಂದು ಬರೆದೆ. ಸುಳ್ಳಲ್ಲ.

ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಕಾರ್ಖಾನೆಯ ಗೇಟಿಗೆ ಹೋಗುತ್ತೇನೆ. ಬೆಳಿಗ್ಗೆ ಅವಸರದಲ್ಲಿ ಅವಳು ಏನೂ ಕಟ್ಟಿಕೊಳ್ಳುವುದಿಲ್ಲ. ಹುಡುಗಿಯರೆಲ್ಲ ಹೊಂಗೆ ಮರದ ಕೆಳಗೆ ಕೂತು ಉಣ್ಣುತ್ತಾರೆ. ಇವತ್ತು ಒಬ್ಬಳು, "ತಾತ, ನಿಮ್ಮ ಚಿತ್ರಾನ್ನಕ್ಕೆ ಹುಳಿ ಸಾಲದು" ಎಂದಳು. ನನಗೂ ಹಾಗೇ ಅನ್ನಿಸಿತ್ತು. ನಾಳೆ ಎರಡು ನಿಂಬೆಹಣ್ಣು ಹಿಂಡಬೇಕು.

ಊರಿಗೆ ಹೋಗುವ ವಿಚಾರ ಬಿಟ್ಟಿಲ್ಲ. ಗುರುವಾರ ವಕೀಲರನ್ನು ನೋಡಲು ಅವಳು ಶಿವಮೊಗ್ಗಕ್ಕೆ ಹೋಗಬೇಕಂತೆ. ಜೊತೆಗೆ ಹೋಗುತ್ತೇನೆ.

9-7-1981, ಗುರುವಾರ. ಶಿವಮೊಗ್ಗ

ವಕೀಲರು ಅನ್ನಪೂರ್ಣಮ್ಮ ಎಂಬ ಹೆಂಗಸು. ವಯಸ್ಸು ನಲವತ್ತಿರಬಹುದು. ಡಾಕ್ಟರ ಚೀಟಿ ನೋಡಿ, ಇದು ಈ ವರ್ಷದ್ದು, ಪೆಟ್ಟು ಎರಡು ವರ್ಷದ ಹಿಂದಿನದು ಎಂದರು. "ಅವರ ಕಡೆಯೋರು ಏನಂತಾರೆ ಗೊತ್ತಾ? ಬೆಂಗಳೂರಿನಲ್ಲಿ ಎಲ್ಲೋ ಬಿದ್ದಿದ್ದಾಳೆ ಅಂತಾರೆ. ಆಗಲೇ ಯಾರಿಗಾದರೂ ಹೇಳಿದ್ದಕ್ಕೆ ಪುರಾವೆ ಬೇಕು."

ರುದ್ರಾಣಿ ಚೀಲದಿಂದ ಒಂದು ಇನ್ಲೆಂಡ್ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ನನ್ನ ಕಡೆ ನೋಡಲಿಲ್ಲ.

ಅಕ್ಷರ ನನ್ನದು. ಮೂವತ್ತೊಂದು ವರ್ಷ ಇಡೀ ತಾಲ್ಲೂಕು ಹೊಗಳಿದ ಅಕ್ಷರ. ಮರೆತೆನೆಂದು ಮತ್ತೆ ಹೇಳಿಕೊಳ್ಳದಂತೆ ಇಲ್ಲಿ ಪೂರ್ತಿ ಬರೆದಿಡುತ್ತೇನೆ.

"ಚಿ. ಸೌ. ರುದ್ರಾಣಿಗೆ ಆಶೀರ್ವಾದಗಳು. ನಿನ್ನ ಕಾಗದ ತಲುಪಿತು. ಅಳಿಯಂದಿರು ಹೊಡೆದು ಕಿವಿ ನೋಯುತ್ತಿದೆ ಎಂದು ಬರೆದಿದ್ದೀಯೆ. ಎಣ್ಣೆ ಬೆಚ್ಚಗೆ ಮಾಡಿ ಬಿಡು. ಗಂಡಸರಿಗೆ ಹೊರಗಿನ ನೂರು ತಾಪತ್ರಯ ಇರುತ್ತವೆ, ಒಮ್ಮೊಮ್ಮೆ ಕೈ ಮುಂದಾಗುತ್ತದೆ. ನೀನು ಮಾತು ಕಡಿಮೆ ಮಾಡಿದರೆ ಎಲ್ಲ ಸರಿಹೋಗುತ್ತದೆ. ನಿನ್ನ ಕಾಗದದಲ್ಲಿ ಮೂರು ಕಡೆ ಮಹಾಪ್ರಾಣದ ತಪ್ಪುಗಳಿವೆ. ಗಮನಿಸು."

ಕೆಳಗೆ ತಾರೀಖು, ಸಹಿ.

ಅನ್ನಪೂರ್ಣಮ್ಮ ಎರಡು ಸಲ ಓದಿದರು. "ಇದಕ್ಕಿಂತ ಒಳ್ಳೆ ಪುರಾವೆ ಬೇಕಿಲ್ಲ. ಆದರೆ ಬರೆದವರೇ ಬಂದು ನಾನೇ ಬರೆದದ್ದು ಅನ್ನಬೇಕು. ಎಲ್ಲರ ಎದುರಿಗೆ ಓದಿಸ್ತಾರೆ. ಆಗುತ್ತಾ ನಿಮಗೆ?"

ನಾಳೆ ಹೇಳುತ್ತೇನೆ ಎಂದೆ. ಹೌದೆನ್ನಲಿಲ್ಲ. ಇದನ್ನೂ ಬರೆದಿಡಬೇಕು.

11-7-1981, ಶನಿವಾರ. ನ್ಯಾಮತಿ

ರುದ್ರಾಣಿ ಶಿವಮೊಗ್ಗದಿಂದಲೇ ಬೆಂಗಳೂರಿಗೆ ಹೋದಳು. ಮನೆಗೆ ಬಾ ಎಂದು ನಾನೂ ಕರೆಯಲಿಲ್ಲ. ಯಾವ ಮುಖದಿಂದ ಕರೆಯಲಿ?

ಕಸ್ತೂರಮ್ಮನಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಕೇಳಿದಳು.

"ನನಗೆ ಗೊತ್ತಿತ್ತು," ಎಂದಳು. "ಹೋದ ವರ್ಷ ಗೌರಿ ಹಬ್ಬಕ್ಕೆ ಬಂದಿದ್ಲಲ್ಲ, ತಲೆ ಬಾಚುವಾಗ ಕರೆದ್ರೆ ಓಗೊಡಲಿಲ್ಲ. ಬಾಯಿ ಬಿಡಿಸ್ದೆ."

"ನನಗೇಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ನೀವು ಪಾಠ ಮಾಡ್ತಿದ್ರಿ. ಮನೆ ಬಿಟ್ಟು ಹೋಗು ಅಂದೋಳು ನಾನೇ. ಬೆಂಗಳೂರಿನ ವಿಳಾಸ ಹುಡುಕಿಸಿ ಕೊಟ್ಟೋಳೂ ನಾನೇ. ಈ ಮನೆಗೆ ಬಂದ್ರೆ ನೀವು ಮತ್ತೆ ಚನ್ನಗಿರಿ ಬಸ್ಸು ಹತ್ತಿಸ್ತಿದ್ರಿ."

ಇಪ್ಪತ್ತೆಂಟು ವರ್ಷ ಜೊತೆಗಿದ್ದವಳು. ಹತ್ತಿಸುತ್ತಿದ್ದೆ, ನಿಜ.

ಸಂಜೆ ಮಲ್ಲೇಶಪ್ಪನವರು ಬಂದರು. ಹುಡುಗಿ ಬರುವುದಿಲ್ಲ ಎಂದೆ. "ನೀವು ಯಾರ ಕಡೆ ಮೇಷ್ಟ್ರೇ?" ಎಂದು ಕೇಳಿದರು. ಕಾಫಿ ಕುಡಿಯದೆ ಎದ್ದು ಹೋದರು. ಅನ್ನಪೂರ್ಣಮ್ಮನವರಿಗೆ ಬರುತ್ತೇನೆಂದು ತಂತಿ ಕೊಟ್ಟು ಬಂದೆ.

14-10-1981, ಬುಧವಾರ. ಶಿವಮೊಗ್ಗ

ಮೂರು ತಿಂಗಳು ಈ ಪುಸ್ತಕ ತೆರೆಯಲಿಲ್ಲ. ಎರಡು ಸಲ ಬೆಂಗಳೂರಿಗೆ ಹೋಗಿ ಬಂದೆ. ಇವತ್ತು ಸಾಕ್ಷಿ.

ಕೋರ್ಟಿನ ತುಂಬ ನಮ್ಮವರೇ. ಚನ್ನಗಿರಿಯಿಂದ ಮಹೇಶ್ವರಪ್ಪನವರ ಕಡೆ ಹತ್ತು ಜನ, ಅವರಲ್ಲಿ ನಾಲ್ವರು ನನ್ನ ಕೈಯಲ್ಲಿ ಓದಿದವರು. ಷಣ್ಮುಖಪ್ಪ ನನ್ನನ್ನು ನೋಡಿ ಅಭ್ಯಾಸಬಲದಿಂದ ಎದ್ದು ನಿಂತ. ಆಮೇಲೆ ನೆನಪಾಗಿ ಕೂತ.

ಕಾಗದ ನನ್ನ ಕೈಗೆ ಕೊಟ್ಟು ಓದಿ ಎಂದರು. ತರಗತಿಯಲ್ಲಿ ಓದಿದ ಹಾಗೆ ದೊಡ್ಡ ದನಿಯಲ್ಲಿ ಶುರು ಮಾಡಿದೆ. "ಎಣ್ಣೆ ಬೆಚ್ಚಗೆ ಮಾಡಿ" ಎಂಬಲ್ಲಿಗೆ ಬಂದಾಗ ದನಿ ನಿಂತಿತು. ನ್ಯಾಯಾಧೀಶರು ನೀರು ಕೊಡಿಸಿದರು. ಮಹಾಪ್ರಾಣದ ವಾಕ್ಯವನ್ನು ಬಿಡಬಹುದಿತ್ತೇನೋ. ಬಿಡಲಿಲ್ಲ. ಹಿಂದೆ ಯಾರೋ ನಕ್ಕರು.

ಅವರ ವಕೀಲರು ಎದ್ದರು. "ಹೊಂದಿಕೊಂಡು ಹೋಗು ಅಂತ ಬರೆದೋರು ನೀವು. ಈಗ ಮಗಳು ಹೋಗಬಾರದು ಅನ್ನೋರೂ ನೀವು. ಮೇಷ್ಟ್ರೇ, ಆಗ ಬರೆದಿದ್ದು ಸುಳ್ಳೋ, ಈಗ ಹೇಳೋದು ಸುಳ್ಳೋ?"

"ಆಗ ಬರೆದದ್ದು ಸುಳ್ಳಲ್ಲ ಸ್ವಾಮಿ," ಎಂದೆ. "ತಪ್ಪು. ಅವೆರಡೂ ಬೇರೆ."

"ಯಾರು ಮಾಡಿದ ತಪ್ಪು?"

"ಶಾಲೆಯಲ್ಲಿ ಆ ಹುಡುಗನ ಕೈಗೆ ಬೆತ್ತ ಕೊಟ್ಟು ಹೊಡೆಯಲು ಬಿಟ್ಟವನು ನಾನು. ಹೊಡೆಸಿಕೊಂಡು ಇರು ಅಂತ ಮಗಳಿಗೆ ಬರೆದವನೂ ನಾನು. ಕಾಗದದಲ್ಲಿ ಸಹಿ ಇದೆ."

ಅವರು ಇನ್ನೇನೋ ಕೇಳಿದರು. ಏನು ಹೇಳಿದೆನೋ ನೆನಪಿಲ್ಲ.

ಹೊರಗೆ ಜಗುಲಿಯಲ್ಲಿ ಅನ್ನಪೂರ್ಣಮ್ಮ, ಆ ಕಾಗದ ಇನ್ನು ಕೋರ್ಟಿನ ಫೈಲಿನಲ್ಲೇ ಇರುತ್ತದೆ, ಈಗ ವಾಪಸು ಸಿಗುವುದಿಲ್ಲ ಎಂದರು.

"ಇರ್ಲಿ ಬಿಡ್ರಿ," ಎಂದಳು ರುದ್ರಾಣಿ. "ಎರಡು ವರ್ಷ ನನ್ನ ಟ್ರಂಕಿನಾಗೆ ಇಟ್ಕೊಂಡಿದ್ದೆ. ಹರಿದು ಹಾಕಾಕೂ ಆಗ್ತಿರ್ಲಿಲ್ಲ."

ನನಗೆ ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಕ್ಯಾಂಟೀನಿಗೆ ಹೋಗಿ ಮೂವರೂ ಇಡ್ಲಿ ತಿಂದೆವು. ಅವಳು ಹಸಿದಿದ್ದಳು.

5-12-1981, ಶನಿವಾರ. ನ್ಯಾಮತಿ

ಷಣ್ಮುಖಪ್ಪನ ಅರ್ಜಿ ವಜಾ ಆಗಿದೆ. ಮೇಲಿನ ಕೋರ್ಟಿಗೆ ಹೋಗುತ್ತಾರೆಂದು ಸುದ್ದಿ. ಹೋಗಲಿ.

ಮಲ್ಲೇಶಪ್ಪನವರು ಮಠದಲ್ಲಿ ಸಿಕ್ಕರೂ ಮಾತಾಡಿಸುವುದಿಲ್ಲ. ಎರಡು ಮದುವೆಗಳಿಗೆ ಕರೆ ಬರಲಿಲ್ಲ. ಸಂತೆ ಬೀದಿಯಲ್ಲಿ ಮಾತ್ರ ಈಗ ನಡೆದಾಡುತ್ತೇನೆ. ನೋಡುವವರು ನೋಡುತ್ತಾರೆ.

ರುದ್ರಾಣಿಯ ಕಾಗದ ಬಂದಿದೆ. ನಲ್ಲಿಯಲ್ಲಿ ಮೂರು ದಿನದಿಂದ ನೀರಿಲ್ಲ, ಗಾದ್ರಮ್ಮನಿಗೆ ಮಂಡಿ ನೋವು, ತನಗೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಕೆಲಸ ಕೊಟ್ಟಿದ್ದಾರೆ. ಕೊನೆಯಲ್ಲಿ "ಬರ್ತೀರಾ?" ಎಂದಿದೆ, ಅಷ್ಟೆ. ತಪ್ಪುಗಳನ್ನು ನೋಡಲಿಲ್ಲ.

ಉತ್ತರ ಬರೆಯಲು ಕೂತೆ. ಆಶೀರ್ವಾದಗಳು ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಹರಿದು ಮತ್ತೊಂದು ತೆಗೆದೆ. ಅದೂ ಅಲ್ಲಿಗೇ ನಿಂತಿತು. ಮೂರನೆಯದಕ್ಕೆ ಕೈ ಹಾಕಿದಾಗ ಕಸ್ತೂರಮ್ಮ ಬಂದು ಕಾಗದದ ಕಟ್ಟನ್ನು ತೆಗೆದು ಗೂಡಿನಲ್ಲಿಟ್ಟಳು.

"ಬರ್ತೀರಾ ಅಂತ ಕೇಳೈತೆ ಹುಡುಗಿ. ಅದಕ್ಕೆ ಬರೆಯಾದು ಏನೈತೆ? ಬೆಳಗಿನ ಬಸ್ಸು ಎಷ್ಟೊತ್ತಿಗೆ?"

ಆರೂವರೆಗೆ ಎಂದೆ. ಶಿವಮೊಗ್ಗ ದಾಟಿ ಅವಳು ಎಲ್ಲಿಗೂ ಹೋದವಳಲ್ಲ. ಸೀರೆ ಮಡಿಸುತ್ತಿದ್ದಾಳೆ. ಅಲ್ಲಿನ ನೀರಿನ ಸಾಲಿನ ವಿಚಾರ ಅವಳಿಗೆ ದಾರಿಯಲ್ಲಿ ಹೇಳಬೇಕು.